ಹದಿಮೂರರ ಮಗ್ಗಿ

ಕುರ್ಚಿಗಳು ತಮ್ಮ ಮೇಲೆ ಕೂತವರ ಮನಸ್ಸು ಎಳೆದತ್ತ ಸರಿಯಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಊರಿಗೆ ಅದೂ ಅಭ್ಯಾಸವಾಗಿಹೋಗಿತ್ತು. ಮದುವೆಮನೆಯಲ್ಲಿ ಕುರ್ಚಿಗಳೆಲ್ಲ ಊಟದ ಹಾಲ್‌ನ ಬಾಗಿಲಲ್ಲಿ ಗುಂಪುಗಟ್ಟುತ್ತಿದ್ದವು. ಭಾಷಣ ಶುರುವಾದರೆ ಇಡೀ ಸಭೆಯೇ ಹಿಂದಕ್ಕೆ ಜರುಗುತ್ತಿತ್ತು. ಹಲ್ಲಿನ ಡಾಕ್ಟರ ಕೋಣೆಯಲ್ಲಂತೂ ಬಾಗಿಲಿಗೆ ಅಡ್ಡ ಹಲಗೆಯನ್ನೇ ಹಾಕಿದ್ದರು.

ನಿವೃತ್ತ ಗಣಿತದ ಟೀಚರ್ ಅಂಬುಜಾಕ್ಷಿಯವರ ಕುರ್ಚಿ ಮೂರನೇ ಸಲ ಆ ಹಲಗೆಗೆ ಹೋಗಿ ಢಿಕ್ಕಿ ಹೊಡೆಯಿತು. ಅಲುಗಾಡುವ ಒಂದು ಹಲ್ಲು ಅವರನ್ನು ವಾರದಿಂದ ಗಂಜಿಗೆ ಇಳಿಸಿತ್ತು. ಆದರೂ ಇಕ್ಕಳ ಕಂಡದ್ದೇ ತಡ, ಬಾಯಿ ಮುಚ್ಚುತ್ತಿತ್ತು, ಕುರ್ಚಿ ಓಡುತ್ತಿತ್ತು.

"ನಮ್ಮನ್ನೆಲ್ಲ ಗಡಗಡ ನಡುಗಿಸಿದವರು ನೀವೇನಾ ಟೀಚರ್?" ಎಂದು ನಕ್ಕ ಡಾಕ್ಟರ್ ಶಿವಯೋಗಿ. ಏಳನೇ ಕ್ಲಾಸಿನಲ್ಲಿ ಅವರ ಕೈಯಲ್ಲೇ ಕಲಿತವನು.

"ಹಲ್ಲು ನಿಂದಲ್ಲವಲ್ಲ, ನಗ್ತೀಯ," ಎಂದರು ಟೀಚರ್, ತುಟಿ ಬಿಚ್ಚದೆ.

ಶಿವಯೋಗಿ ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಟ್ಟು, ಸ್ಟೂಲಿನ ಮೇಲೆ ಕೂತು, ಹಳೇ ರಾಗದಲ್ಲಿ ಶುರುಮಾಡಿದ: "ಹದಿಮೂರೊಂದ್ಲಿ ಹದಿಮೂರು. ಹದಿಮೂರೆರಡ್ಲಿ ಇಪ್ಪತ್ತಾರು..."

ಟೀಚರ ಕಿವಿ ನೆಟ್ಟಗಾಯಿತು. ಕುರ್ಚಿ ಒಂದು ಗೇಣು ಮುಂದೆ ಬಂತು. ಹದಿಮೂರೈದ್ಲಿಗೆ ಅರ್ಧ ಕೋಣೆ ದಾಟಿತು. ಹದಿಮೂರಾರ್ಲಿಗೆ ಅವನ ಮೊಣಕಾಲಿಗೆ ತಾಗಿ ನಿಂತಿತು.

"ಹದಿಮೂರೇಳ್ಲಿ," ಎಂದು ಶಿವಯೋಗಿ ಮುಂದಕ್ಕೆ ಬಗ್ಗಿದ, "ತೊಂಬತ್ಮೂರು."

"ತೊಂಬತ್ತೊಂ..." ಎಂದು ಟೀಚರ್ ಬಾಯಿ ತೆರೆದರು. ಮುಚ್ಚುವಷ್ಟರಲ್ಲಿ ಹಲ್ಲು ಟ್ರೇಯಲ್ಲಿತ್ತು.

ಹತ್ತಿ ಕಚ್ಚಿಕೊಂಡೇ ಅವರು ಬೆರಳೆತ್ತಿ ಸನ್ನೆ ಮಾಡಿದರು: ಮಗ್ಗಿ, ಮತ್ತೆ ಮೊದಲಿಂದ, ಪೂರ್ತಿ.

ಈ ಸಲ ಹಲಗೆಗೆ ಹೋಗಿ ಢಿಕ್ಕಿ ಹೊಡೆದದ್ದು ಡಾಕ್ಟರ ಸ್ಟೂಲು.