ಖುದ್ದು ಪರಿಚಯ

ಕೋಟಿನ ತೋಳಿಗೆ ಚೆಲ್ಲಿದ ಕಾಫಿಯನ್ನು ತೊಳೆದುಕೊಳ್ಳಲೆಂದು ಮ್ಯಾನೇಜರು ಸಭಾಭವನದ ಹಿಂಬಾಗಿಲು ತಳ್ಳಿದರು. ತೊಟ್ಟಿಯ ಮುಂದೆ, ಮೊಣಕೈವರೆಗೂ ಸೋಪಿನ ನೊರೆ ಹತ್ತಿಸಿಕೊಂಡು ತಟ್ಟೆ ಉಜ್ಜುತ್ತಿದ್ದವಳು ಅವಳು.

ಅವಳನ್ನು ಕಂಡು ಇಪ್ಪತ್ತಾರು ವರ್ಷವಾಗಿತ್ತು. ಆದರೂ ಬೆನ್ನು ನೋಡಿಯೇ ಗುರುತು ಹಿಡಿದರು. ಸದ್ದಿಲ್ಲದೆ ಹಿಂದಿರುಗಲು ಕಾಲು ಎಳೆದುಕೊಂಡರು.

‘ಬಾಗಿಲು ಹಾಕ್ಕೊ. ನೊಣ ಬರ್ತವೆ,’ ತಿರುಗದೆಯೇ ಅಂದಳು.

‘ನಾನೇ ಅಂತ ಹೇಗೆ ಗೊತ್ತಾಯ್ತು?’

‘ಒಳಗೆ ಬರಲೋ ಬೇಡವೋ ಅಂತ ಹೊಸ್ತಿಲಲ್ಲೇ ಲೆಕ್ಕ ಹಾಕೋನು ನೀನೊಬ್ಬನೇ.’

ಮದುವೆ ಮ್ಯಾನೇಜರ ಆಫೀಸಿನ ಟೈಪಿಸ್ಟ್ ಹುಡುಗಿಯದು. ಒಬ್ಬ ಟೈಲರ್ ಹುಡುಗನನ್ನು ಮೆಚ್ಚಿಕೊಂಡಿದ್ದಳು. ‘ಸಾಕ್ಷಿ ಸಹಿಗೆ ನೀವೇ ಬರಬೇಕು ಸಾರ್. ನಮ್ಮತ್ತೆ ಹಠ ಹಿಡಿದು ಕೂತಿದ್ದಾರೆ,’ ಎಂದು ಕರೆದಿದ್ದಳು. ದೊಡ್ಡ ಮನುಷ್ಯರ ಸಹಿ ಯಾರಿಗೆ ಬೇಡ ಎಂದು ಮ್ಯಾನೇಜರು ಒಳಗೊಳಗೇ ಉಬ್ಬಿದ್ದರು. ಬಂದು ನೋಡಿದರೆ ಎಲ್ಲ ತಲೆಕೆಳಗು. ಹೋದ ತಿಂಗಳು ಕಂಪನಿಯ ಸಮಾರಂಭದಲ್ಲಿ ಇದೇ ಭವನ ಗುಡಿಸುತ್ತಿದ್ದ ಹೆಂಗಸು ಇಸ್ತ್ರಿ ಬಟ್ಟೆಯಲ್ಲಿ ಮೊದಲ ಸಾಲಿಗೇ ಕೂತು ಉಣ್ಣುತ್ತಿದ್ದಳು. ಮದುಮಗನೇ ಕಾಫಿ ಹಂಚುತ್ತಿದ್ದ. ಇವರ ಕೋಟಿಗೆ ಚೆಲ್ಲಿದವನೂ, ‘ಹಿಂದೆ ತೊಟ್ಟಿ ಇದೆ ಸಾರ್,’ ಎಂದು ದಾರಿ ತೋರಿಸಿದವನೂ ಅವನೇ.

‘ಕೋಟು ಬಿಚ್ಚು. ಒಣಗಿದ ಮೇಲೆ ಕಲೆ ಬಿಡಲ್ಲ.’

ಬಿಚ್ಚಿಕೊಟ್ಟರು. ಹಿಂದೆಲ್ಲ ಅವಳ ಮಾತು ಕೇಳುತ್ತಿದ್ದಂತೆ.

ಒಂದು ಕಾಲಕ್ಕೆ ಅವಳು ಬಟ್ಟೆ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿದ್ದಳು. ಇವರು ಅಲ್ಲಿಯ ಹಾಜರಿ ಗುಮಾಸ್ತ. ಅವಳ ಆಳು ಹಿಡಿಯಷ್ಟು, ಮಾತು ಚುರುಕ್ಕೆನ್ನುವ ಖಾರ. ‘ಮೆಣಸು’ ಎಂಬ ಹೆಸರು ಇವರೇ ಇಟ್ಟಿದ್ದು. ಊಟದ ಬಿಡುವಿನಲ್ಲಿ, ಗೋದಾಮಿನ ಹಿಂದೆ, ಒಂದೇ ಡಬ್ಬಿಯಲ್ಲಿ ಎರಡು ವರ್ಷ ಉಂಡಿದ್ದರು. ಮದುವೆಯ ಮಾತೂ ಆಗಿತ್ತು.

ಆಗ ಕಾರ್ಖಾನೆ ಒಂದು ನಿಯಮ ತಂದಿತು: ಹೆಂಗಸರು ಶೌಚಕ್ಕೆ ಹೋಗಲೂ ಚೀಟಿ ಬರೆಸಿಕೊಳ್ಳಬೇಕು, ದಿನಕ್ಕೆ ಎರಡೇ ಚೀಟಿ. ಮನುಷ್ಯರ ಮೂತ್ರಕ್ಕೂ ಬೀಗ ಹಾಕಿದ ಪುಣ್ಯಾತ್ಮರು! ಮೆಣಸು ಮೊದಲು ಅರ್ಜಿ ಕೊಟ್ಟಳು. ಕೊಟ್ಟದ್ದು ಇವರ ಕೈಗೇ. ಉತ್ತರ ಬಾರದಿದ್ದಾಗ ಮೆಷಿನ್ ನಿಲ್ಲಿಸಿದಳು. ಅವಳ ಹಿಂದೆ ಇನ್ನೂರು ಮೆಷಿನ್ ನಿಂತವು.

ವಿಚಾರಣೆಯಲ್ಲಿ ಸಾಹೇಬರು ಗುಮಾಸ್ತನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ. ‘ಈ ಹೆಂಗಸು ನಿನಗೆ ಗೊತ್ತಾ?’

‘ಗೊತ್ತಿಲ್ಲ ಸಾರ್.’

ಅವಳು ಎದುರಿಗೇ ನಿಂತಿದ್ದಳು. ಅವಳು ಅರ್ಜಿ ಕೊಟ್ಟದ್ದೇ ಸುಳ್ಳೆಂದಾಯಿತು, ಅವಳು ಗೇಟಿನ ಆಚೆಗಾದಳು. ತಿಂಗಳೊಳಗೆ ಗುಮಾಸ್ತನಿಗೆ ಕುರ್ಚಿ ಬಂತು. ಆ ಕುರ್ಚಿಯೇ ಬಲಿತು ಬಲಿತು ಇವತ್ತಿಗೆ ಮ್ಯಾನೇಜರ ಕುರ್ಚಿಯಾಗಿದೆ.

ಈಗ ಅವಳು ಊರವರ ಎಂಜಲು ತಟ್ಟೆಗಳ ನಡುವೆ ನಿಂತು ತಮ್ಮ ಕೋಟಿನ ಕಲೆ ತಿಕ್ಕುತ್ತಿರುವುದನ್ನು ಕಂಡು ಮ್ಯಾನೇಜರಿಗೆ ಮುಖ ಎಲ್ಲಿ ಬಚ್ಚಿಡಲಿ ಎನ್ನಿಸಿತು.

‘ನಿನ್ನನ್ನ ಈ ಗತಿಗೆ ತಂದೋನು ನಾನು.’

‘ಹೌದು, ನೀನೇ,’ ನಕ್ಕಳು. ‘ನೀನು ಅವತ್ತು ಹಾಗೆ ಅನ್ನದೆ ಹೋಗಿದ್ರೆ ಇವತ್ತು ನಾನು ಇಲ್ಲಿ ನಿಂತಿರ್ತಿರಲಿಲ್ಲ.’

‘ಗಂಡ?’

‘ಹೋಗಿ ಐದು ವರ್ಷ ಆಯ್ತು. ಒಳ್ಳೆಯವನು. ಪಾಪ, ಗೊತ್ತಿಲ್ಲ ಅನ್ನೋದು ಅವನಿಗೆ ಬರ್ತಾನೇ ಇರಲಿಲ್ಲ.’

ಮ್ಯಾನೇಜರು ನೊರೆಯೊಳಕ್ಕೆ ಕೈ ಇಳಿಸಿದರು. ಅವಳ ಹೆಬ್ಬೆರಳಲ್ಲಿ ಸೂಜಿ ನಾಟಿದ ಹಳೆಯ ಗಂಟು ಇನ್ನೂ ಇತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ. ಗೋಡೆಯಾಚೆ ಯಾರೋ ಹಾಡುತ್ತಿದ್ದರು. ಅಷ್ಟು ಹೊತ್ತು ಇಬ್ಬರೂ ಮತ್ತೆ ಗೋದಾಮಿನ ಹಿಂದಿದ್ದರು.

‘ಆ ಒಂದು ಮಾತು ನನ್ನ ನಿದ್ದೆ ತಿಂದುಬಿಟ್ಟಿದೆ, ಮೆಣಸು. ಇನ್ನೊಂದು ಸಲ ಯಾರಾದ್ರೂ ಕೇಳಿದ್ರೆ...’

‘ಕೇಳಿದ್ರೆ?’

‘ಗೊತ್ತು ಅಂತೀನಿ. ಎಲ್ಲರೆದುರೂ ಅಂತೀನಿ.’

ಅವಳ ಕಣ್ಣು ತುಂಬಿತು. ‘ಸಾಕು. ಅಷ್ಟಕ್ಕೇ ಕಾದಿದ್ದೆ.’

ಹಿಂಬಾಗಿಲು ಧಡಾರನೆ ತೆರೆಯಿತು. ಮ್ಯಾನೇಜರ ಹೆಂಡತಿ.

‘ರೀ, ಅಲ್ಲಿ ಸಹಿಗೆ ನಿಮ್ಮ ಹೆಸರು ಕೂಗಿ ಕೂಗಿ ಗಂಟಲು ಹರ್ಕೊಳ್ತಿದ್ದಾರೆ! ಇಲ್ಲೇನ್ರೀ ಮಾಡ್ತಿದ್ದೀರಿ?’ ಆಕೆಯ ನೋಟ ತೊಟ್ಟಿಯತ್ತ ಹೊರಳಿತು. ‘ಯಾರಿವಳು?’

ಮ್ಯಾನೇಜರ ಕೈ ತಾನಾಗಿ ನೀರಿನಿಂದ ಹೊರಬಂತು.

‘ಯಾರೋ ಪಾತ್ರೆ ತೊಳೆಯೋಳು ಕಣೆ. ಕೋಟು ಒರೆಸಿಕೊಟ್ಟಳು.’

ತೊಟ್ಟಿಯಲ್ಲಿ ಒಂದು ತಟ್ಟೆ ಮುಳುಗಿತು. ಅವಳು ಕೋಟನ್ನು ಕೊಡವಿ, ಎರಡು ಕೈಯಲ್ಲಿ ನೀಡಿದಳು. ‘ತಗೊಳ್ಳಿ ಸಾರ್. ಕಲೆ ಪೂರ್ತಿ ಹೋಗಿಲ್ಲ.’

ವೇದಿಕೆ ಹತ್ತುವವರೆಗೂ ಮ್ಯಾನೇಜರು ತಲೆ ಎತ್ತಲಿಲ್ಲ. ಒದ್ದೆ ತೋಳು ಮೈಗೆ ಅಂಟುತ್ತಿತ್ತು. ನೋಂದಣಿ ಅಧಿಕಾರಿ ಪುಸ್ತಕ ತಿರುಗಿಸಿಟ್ಟು, ಪೆನ್ನು ಕೊಟ್ಟು, ಸಾಕ್ಷಿಗೆಂದು ವರನ ಕಡೆಯವರು ಕೇಳಿ ಬರೆಸಿದ್ದ ಸಾಲನ್ನು ಮೈಕಿನಲ್ಲೇ ಓದಿದ. ‘“ವರನ ತಾಯಿಯನ್ನು ನಾನು ಖುದ್ದಾಗಿ ಬಲ್ಲೆ.” ಇದರ ಕೆಳಗೆ ಸಹಿ ಹಾಕಿ ಸಾರ್.’

‘ಅಯ್ಯೋ, ಆಯಮ್ಮನ್ನ ನೋಡೇ ಇಲ್ವಲ್ಲಪ್ಪ,’ ಮ್ಯಾನೇಜರು ಕಷ್ಟಪಟ್ಟು ನಕ್ಕರು. ‘ಕರೀರಿ, ಪರಿಚಯ ಆಗಲಿ.’

ಮದುಮಗ ಹಿಂಬಾಗಿಲ ಕಡೆ ಕೂಗಿದ. ‘ಅಮ್ಮಾ, ತಟ್ಟೆ ತೊಳೆದಿದ್ದು ಸಾಕು, ಬಾ!’ ಇವರತ್ತ ತಿರುಗಿ ಹೆಮ್ಮೆಯಿಂದ ಹೇಳಿದ. ‘ನಮ್ಮ ಹೊಲಿಗೆ ಸಂಘದ ಮದುವೇಲಿ ದಿನಾ ತೊಳೆಯೋರು ಕೂತು ಉಣ್ತಾರೆ, ಮನೆಯವರು ತೊಳೀತಾರೆ ಸಾರ್. ಕಾರ್ಖಾನೆಯಿಂದ ತಳ್ಳಿಸಿಕೊಂಡು ಬಂದು ಸಂಘ ಕಟ್ಟಿದ ದಿನವೇ ಅಮ್ಮ ಮಾಡಿದ ನಿಯಮ.’

ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅವಳು ಬಂದಳು. ಇನ್ನೂರು ಕುರ್ಚಿಗಳು ಒಟ್ಟಿಗೇ ಸರಿದವು. ಇಡೀ ಸಭೆ ಎದ್ದು ನಿಂತಿತು. ಹೆಂಡತಿಯ ಉಗುರು ಮ್ಯಾನೇಜರ ಒದ್ದೆ ತೋಳಿಗೆ ನಾಟಿತು.

ಅವಳು ಅವರ ಬೆರಳಿನಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ಮೊದಲ ಸಾಲಿನ ಗುಡಿಸುವ ಹೆಂಗಸಿಗೆ ಚಾಚಿದಳು.

‘ನೀವು ಹಾಕಿ ಅಕ್ಕಾ, ಸಾರ್‌ಗೆ ನಾನು ಯಾರೋ ಪಾತ್ರೆ ತೊಳೆಯೋಳು.’