ಕಸದ ಸಾಲಿನ ಕೊನೆಯವನು

ಬದುವಿನ ಮೇಲಿದ್ದ ನಾಲ್ಕು ಮೊಟ್ಟೆಗಳಿಗೆ ಬಿಸಿಲು ಬಡಿಯತೊಡಗಿ ಅರ್ಧ ಗಂಟೆಯಾಗಿತ್ತು. ತಾಯಿ ಟಿಟ್ಟಿಭ ಹಕ್ಕಿ ಮೇಲೆ ಚೀರುತ್ತ ಸುತ್ತುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಸಿಂಧನೂರಿನಿಂದ ಹಕ್ಕಿಗಳ ಫೋಟೊ ತೆಗೆಯಲು ಬಂದಿದ್ದ ಗಂಗಾಧರ ಕ್ಯಾಮೆರಾ ಹಿಡಿದು ಕಲ್ಲಿನಂತೆ ಕೂತಿದ್ದ. ಮೊಟ್ಟೆ ಬೆಂದುಹೋದರೆ ಆ ಪಾಪ ತನ್ನದೇ ಎಂಬ ದಿಗಿಲು ಅವನಿಗೆ. ಎದ್ದು ಹೋಗೋಣವೆಂದರೆ ಗದ್ದೆಯಿಂದ ಹೊರಬೀಳುವ ದಾರಿ ಗೂಡನ್ನು ದಾಟಿಯೇ ಹೋಗುತ್ತಿತ್ತು.

"ಯಾಕ್ರೀ ಸರ, ಬೆಕ್ಕಿನಂಗ ಹೊಂಚಿ ಕುಂತೀರಿ?" ಭತ್ತದೊಳಗೆ ಕಸ ತೆಗೆಯುತ್ತಿದ್ದ ಗದ್ದೆಮ್ಮ ಬಗ್ಗಿದಲ್ಲಿಂದಲೇ ಕೇಳಿದಳು.

"ಅಲ್ಲಾಡಿದರ ಹಕ್ಕಿ ಅಂಜತೈತಿ ಯವ್ವಾ."

"ಅಲ್ಲಾಡದವ್ರಿಗೇ ಅದು ಅಂಜೋದು. ನಾವು ಹತ್ತು ಮಂದಿ ಮುಂಜಾನಿಂದ ಇಲ್ಲೇ ಅದೀವಿ, ನಮಗ ಅಂಜೈತೇನು? ಆ ಕ್ಯಾಮೆರಾ ಚೀಲದಾಗ ಇಟ್ಟು ಇಳೀರಿ. ಕಸ ಕೀಳ್ರಿ."

ಗಂಗಾಧರ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಟ್ಟು, ಪ್ಯಾಂಟು ಮಡಚಿ ಕೆಸರಿಗಿಳಿದ. ಹೆಂಗಸರ ಸಾಲಿನ ಕೊನೆಗೆ ಸೇರಿ, ತಲೆ ತಗ್ಗಿಸಿ ಕಸ ಕೀಳತೊಡಗಿದ. ಎರಡು ಕಡೆ ಭತ್ತವನ್ನೇ ಕಿತ್ತು ಬೈಸಿಕೊಂಡ. ಹತ್ತು ಹೆಜ್ಜೆ ಸರಿಯುವುದರೊಳಗೆ ಚೀರಾಟ ನಿಂತಿತು. ಕಂಕುಳ ಸಂದಿಯಿಂದ ಇಣುಕಿದರೆ, ಹಕ್ಕಿ ಬದುವಿನ ಮೇಲೆ ನಡೆದು ಬಂದು, ಎದೆಯ ಗರಿ ಕೆದರಿ ಮೊಟ್ಟೆಗಳಿಗೆ ನೆರಳಾಗಿ ನಿಂತಿತ್ತು. ಅವನು ಹಿಡಿದಿದ್ದ ಉಸಿರು ಬಿಟ್ಟ. ಮರುಕ್ಷಣವೇ ಕಣ್ಣು ಚೀಲದತ್ತ ಹೋಯಿತು.

"ಎದ್ದು ನಿಂತೀರಂದ್ರ ನೋಡ್ರಿ," ಗದ್ದೆಮ್ಮ ತಲೆಯೆತ್ತದೆ ಹೇಳಿದಳು. "ಈ ಮಡಿ ಕಸ ಮುಗಿಸೇ ಹೋಗಬೇಕು."

ಗಂಗಾಧರ ನಗುತ್ತ ಮುಂದಿನ ಕಸಕ್ಕೆ ಕೈ ಹಾಕಿದ.