ಕೊಡೆ ಹಿಡಿದವರು ಕೇಳಿದ್ದು

ಸುಜಿತ್ ಶೆಟ್ಟಿಯ ಬಗ್ಗೆ ಯಾರೋ ವಿಚಾರಿಸುತ್ತಿದ್ದರು. ನಿನ್ನೆ ಮಣ್ಣಗುಡ್ಡದ ಹಾಲಿನ ಬೂತ್‌ನಲ್ಲಿ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ತೆರೆಸಾ ಬಾಯಿಯ ಗೇಟಿನ ಹತ್ತಿರ. ಅರುವತ್ತು ದಾಟಿದವರು. ಬಿಳಿ ಅಂಗಿ, ಕೈಯಲ್ಲಿ ಕರಿ ಕೊಡೆ.

"ಹೆಣ್ಣಿನ ಕಡೆಯವರು," ಎಂದರು ತಾಯಿ ಶಶಿಪ್ರಭಾ, ನೀರುದೋಸೆ ಮಡಚುತ್ತಾ.

"ಬರಿ ಕೇಳಿದ್ರಂತಾ?" ಪೇಪರಿನ ಹಿಂದಿನಿಂದ ಅಪ್ಪ ಮಹಾಬಲ ಶೆಟ್ಟರ ಪ್ರಶ್ನೆ. ಬಂಟರಲ್ಲಿ ಸಂಬಂಧ ಕೇಳುವವರು ಮೊದಲು ವಿಚಾರಿಸುವುದು ಬರಿಯನ್ನು, ತಾಯಿಯ ಕಡೆಯಿಂದ ಬರುವ ಗೋತ್ರದಂಥದ್ದನ್ನು. ಎರಡೂ ಕಡೆಯದ್ದು ಒಂದೇ ಬರಿಯಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

"ಇಲ್ಲವಂತೆ. ಮೊದಲೇ ಗೊತ್ತಿರ್ಬಹುದು. ಭಟ್ರ ಹಾಗೆ ಕಾಣ್ತಾರಂತೆ. ಮಧ್ಯಸ್ಥಿಕೆಗೆ ಬಂದವರಿರ್ಬೇಕು."

ಸುಜಿತ್ ದೋಸೆಯ ತಟ್ಟೆ ಬದಿಗೆ ಸರಿಸಿದ. ನಂತೂರಿನಲ್ಲಿ ಅಪ್ಪನ ಹೋಟೆಲು, ಅದರ ಕ್ಯಾಶ್ ಕೌಂಟರಿನಲ್ಲಿ ಅವನು. ಅಪ್ಪನ ಷರತ್ತು ಸರಳ: ಸ್ವಂತ ಕಾಲ ಮೇಲೆ ನಿಂತರೆ ಇಷ್ಟಪಟ್ಟ ಹುಡುಗಿ, ಇಲ್ಲದಿದ್ದರೆ ಮನೆಯವರು ತೋರಿಸಿದ ಹುಡುಗಿ. ಇಷ್ಟಪಟ್ಟವಳು ಟಾನ್ಯಾ. ಅವಳು ಕೆಲಸ ಮಾಡುವುದು ಐರ್ಲೆಂಡಿನ ಒಂದು ವಿಮಾ ಕಂಪೆನಿಯಲ್ಲಿ. ಬೆಂಗಳೂರಿನಲ್ಲಿ ತರಬೇತಿ ಪಡೆದವರೆಲ್ಲ ವರ್ಷದೊಳಗೆ ಬೇರೆ ಕಡೆ ಹಾರುತ್ತಾರೆಂದು ಬೇಸತ್ತು ಕಂಪೆನಿ ಕಳೆದ ವರ್ಷ ಮಂಗಳೂರಿನಲ್ಲಿ ಕಚೇರಿ ತೆರೆದಿತ್ತು. ಅಲ್ಲಿ ಸುಜಿತ್‌ನ ಇಂಟರ್‌ವ್ಯೂ ಮುಗಿದಿತ್ತು. ಈ ವಾರ ಆಫರ್ ಲೆಟರ್ ಬಂದರೆ ಟಾನ್ಯಾಳ ಹೆಸರೆತ್ತಬಹುದು. ಅದಕ್ಕೆ ಮೊದಲು ಸಂಬಂಧ ಕುದುರಿದರೆ ಮುಗಿಯಿತು.

ಅವನು ಸ್ಕೂಟರ್ ಹತ್ತಿ ನೇರ ಉರ್ವ ಮಾರ್ಕೆಟ್‌ಗೆ ಹೋದ. ಅಲ್ಲಿ ಗೆಳೆಯ ಅಝರ್‌ನ ಮೊಬೈಲ್ ಅಂಗಡಿ.

"ಸಂಬಂಧಕ್ಕೆ ನನ್ನ ಬಗ್ಗೆ ವಿಚಾರಿಸುವ ಜನ ಇಲ್ಲಿಗೂ ಬರ್ತಾರೆ. ನಾವು ಶಾಲೆಯಿಂದ ಜೊತೆ ಅಂತ ಎಲ್ಲರಿಗೂ ಗೊತ್ತುಂಟು. ನನ್ನ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಹೇಳ್ಬೇಡ."

"ಸುಳ್ಳು ಹೇಳ್ಬೇಕಾ, ಇದ್ದದ್ದನ್ನೇ ಹೇಳಿದ್ರೆ ಸಾಕಾ ಮಾರಾಯ?"

ಮಧ್ಯಾಹ್ನಕ್ಕೆ ಮೊದಲೇ ಕೊಡೆ ಬಂತು. ಸುಜಿತ್ ಒಳಗಿನ ಪರದೆಯ ಹಿಂದೆ ಸರಿದ.

"ಹುಡುಗ ಹೇಗೆ?"

"ಬೆಳಿಗ್ಗೆ ಎಬ್ಬಿಸ್ಲಿಕ್ಕೆ ಇಬ್ಬರು ಬೇಕು ಸರ್."

"ಹೋಟೆಲಿನಲ್ಲಿ ಕೂತ್ಕೊಳ್ತಾನಲ್ಲ?"

"ಕೂತ್ಕೊಳ್ತಾನೆ. ಅಲ್ಲಿ ಫ್ಯಾನ್ ಉಂಟು."

ಹಿರಿಯರು ನಗಲಿಲ್ಲ. "ಒಂದು ಕಡೆ ನಿಲ್ಲುವ ಸ್ವಭಾವವಾ? ನಮಗೆ ಅದೇ ಮುಖ್ಯ."

ಅಝರ್‌ಗೆ ಹುರುಪು ಬಂತು. "ಅವನಾ? ಜಿಮ್‌ಗೆ ಸೇರಿದ, ಬಿಟ್ಟ. ಗಿಟಾರ್ ಕ್ಲಾಸಿಗೆ ಸೇರಿದ, ಗಿಟಾರ್ ಅಲ್ಲೇ ಬಿಟ್ಟು ಬಂದ. ಈಗ ಕೆನಡಾಕ್ಕೆ ಪೆಟ್ಟಿಗೆ ಕಟ್ಟಿ ಇಟ್ಟಿದ್ದಾನೆ. ವೀಸಾ ಬಂದ ದಿನ ನಿಮಗೆ ಹೇಳಿಯೂ ಹೋಗ್ಲಿಕ್ಕಿಲ್ಲ."

ಪರದೆಯ ಹಿಂದೆ ಸುಜಿತ್ ಬಾಯಿಗೆ ಕೈ ಅಡ್ಡ ಹಿಡಿದ. ಕೆನಡಾ ಶುದ್ಧ ಸುಳ್ಳು, ಗಿಟಾರಿನ ವಿಷಯ ನಿಜವಾಗಿತ್ತು.

"ಅಕ್ಕಪಕ್ಕದವರೆಲ್ಲ ಹೊಗಳಿದ್ರು," ಹಿರಿಯರು ನಿಟ್ಟುಸಿರಿಟ್ಟರು. "ಆದ್ರೆ ಗೆಳೆಯನೇ ಹೀಗೆ ಹೇಳುವಾಗ ನಂಬ್ಲೇಬೇಕಲ್ಲ. ದೊಡ್ಡ ಉಪಕಾರ ಮಾಡಿದ್ರಿ."

ಕೊಡೆ ಬಿಚ್ಚಿಕೊಂಡು ಬಸ್ ಸ್ಟಾಪಿನ ಕಡೆ ಹೋಯಿತು. ಸಂಬಂಧ ಮುರಿದ ಸಂತೋಷಕ್ಕೆ ಸುಜಿತ್ ಎರಡು ಗಡ್‌ಬಡ್ ಐಸ್‌ಕ್ರೀಮ್ ತರಿಸಿದ. ಅಝರ್ ಮೊದಲ ಚಮಚ ಬಾಯಿಗಿಡುವಾಗ ಟಾನ್ಯಾಳ ಫೋನ್ ಬಂತು. ಸುಜಿತ್ ಸ್ಪೀಕರ್ ಒತ್ತಿದ.

"ಲೆಟರ್ ರೆಡಿ ಉಂಟು, ಸೈನ್ ಮಾತ್ರ ಬಾಕಿ. ಕೆಲಸಕ್ಕೆ ಸೇರುವವರ ಬಗ್ಗೆ ಫಾರ್ಮ್ ಕಳಿಸಿ ಕೇಳಿದ್ರೆ ಈ ಊರಲ್ಲಿ ಯಾರೂ ಉತ್ತರ ಕೊಡುವುದಿಲ್ಲ ಅಂತ ನಮ್ಮ ಎಚ್‌ಆರ್‌ನವರು ಮನೆ ಹತ್ತಿರ ವಿಚಾರಿಸ್ಲಿಕ್ಕೆ ಒಬ್ಬರು ರಿಟೈರ್ಡ್ ಮಾಷ್ಟ್ರನ್ನು ಇಟ್ಕೊಂಡಿದ್ದಾರೆ, ವಿಠಲ ಭಟ್ರು ಅಂತ. ಕೈಯಲ್ಲಿ ಕರಿ ಕೊಡೆ ಇರ್ತದೆ. ಅಝರ್‌ಗೆ ಈಗಲೇ ಹೇಳಿಡು, ಹೊಗಳುವಾಗ ಸ್ವಲ್ಪ ಕಡಿಮೆ ಹೊಗಳ್ಲಿ, ಇಲ್ಲದಿದ್ರೆ ಅವರು ನಂಬುವುದಿಲ್ಲ."